ಸಿಪ್ಪೆ ಬಡಿಯುವ ಸೌಮಿನಿ

ಸೌಮಿನಿ ಗಂಡನ ಮೇಲೆ ಮೊದಲ ಸಲ ಕೈ ಎತ್ತಿದ್ದು ಅವನ ಸೊಂಟದ ಕೆಳಗಿನ ಮೈ ಸತ್ತು ಮೂರು ವಾರವಾದ ಮೇಲೆ. ಅದಕ್ಕೆ ಮುಂಚಿನ ಮೂವತ್ತೊಂದು ವರ್ಷ ಆ ಮನೆಯಲ್ಲಿ ಎತ್ತುವ ಕೈ ಎಂದರೆ ಚೋಯಿಕ್ಕುಟ್ಟಿಯದೊಂದೇ.

ಸಾಮಾನ್ಯದ ಕೈಯಲ್ಲ ಅದು. ಕೋಳಿಕ್ಕೋಡಿನ ವಲಿಯಂಗಾಡಿ ಪೇಟೆಯಲ್ಲಿ ಲಾರಿಯಿಂದ ಅಕ್ಕಿ ಮೂಟೆ ಇಳಿಸುವ ಹಮಾಲರಲ್ಲಿ ಅವನ ಸಮಕ್ಕೆ ಇನ್ನೊಬ್ಬನಿರಲಿಲ್ಲ. ಕ್ವಿಂಟಾಲು ಚೀಲ ಬೆನ್ನಿಗೆ ಬಿದ್ದರೂ ಬಾಯಲ್ಲಿದ್ದ ಬೀಡಿ ಆರುತ್ತಿರಲಿಲ್ಲ. ಒಂದು ಸಲ ಎದುರು ಗುಂಪಿನವನೊಬ್ಬ ಇವರ ಲಾರಿಗೆ ಕೈ ಹಾಕಿದನೆಂದು, ಮೂಟೆಗೆ ಚುಚ್ಚುವ ಕಬ್ಬಿಣದ ಕೊಕ್ಕೆಯನ್ನು ಅವನ ಕೆನ್ನೆಗೆ ಚುಚ್ಚಿ ತುಟಿಯವರೆಗೂ ಎಳೆದುಬಿಟ್ಟಿದ್ದ. ನಾಲ್ಕು ತಿಂಗಳು ಕಣ್ಣೂರಿನ ಜೈಲಿನಲ್ಲಿದ್ದು ಹೊರಗೆ ಬಂದಾಗ ಜೊತೆಯವರು ಹಾರ ಹಾಕಿ ಕರೆದುಕೊಂಡು ಬಂದರು. ಅಂಗಾಡಿಯಲ್ಲಿ ಎಲ್ಲರಿಗೂ ಅವನು ಚೋಯಿಯೇಟ್ಟ, ಎಂದರೆ ಚೋಯಿ ಅಣ್ಣ. ಕಷ್ಟಕ್ಕೆ ಓಡಿಬರುವವನು, ಹೆಣ ಹೊರಲು ಮೊದಲು ಭುಜ ಕೊಡುವವನು. ಅದೂ ಸುಳ್ಳಲ್ಲ.

ಮನೆಯ ಲೆಕ್ಕ ಬೇರೆ. ಸೌಮಿನಿ ಕೋರಪ್ಪುಳ ಹೊಳೆಯ ದಂಡೆಯವಳು. ಹತ್ತು ತಿಂಗಳು ಹೊಳೆಯ ಕೆಸರಿನಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆಯನ್ನು ಎತ್ತಿ, ಕಲ್ಲಿನ ಮೇಲಿಟ್ಟು, ಮರದ ಕೊಡತಿಯಿಂದ ಬಡಿದು ನಾರು ಬಿಡಿಸುವುದು ಅವಳ ತಾಯಿಯ ಕೆಲಸ, ಅಜ್ಜಿಯ ಕೆಲಸ, ಅವಳದೂ ಅದೇ. ಮದುವೆಯಾದ ಐದನೆಯ ದಿನ ಚೋಯಿಕ್ಕುಟ್ಟಿ ಅವಳ ಕೈಯನ್ನು ಮೂಸಿ, "ಹೆಣದ ವಾಸನೆ" ಎಂದು ಕಪಾಳಕ್ಕೆ ಬಿಟ್ಟ. ಎರಡನೆಯ ವರ್ಷ ಮುಂದಿನ ಹಲ್ಲು ಹೋಯಿತು. ಮೂರನೆಯ ವರ್ಷ ಆರು ತಿಂಗಳ ಬಸುರಿಯ ಹೊಟ್ಟೆಗೆ ಒದ್ದ. ಕೂಸು ಸತ್ತೇ ಹುಟ್ಟಿತು. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದಳು. ಆಮೇಲೆ ಶೀಜ ಹುಟ್ಟಿದಳು, ಬದುಕಿದಳು. ಒಂದು ಓಣಂ ಹಬ್ಬದ ದಿನ ಕುದಿಯುವ ಗಂಜಿ ಸೌಮಿನಿಯ ಎಡ ತೊಡೆಯ ಮೇಲೆ ಬಿತ್ತು. ತವರಿಗೆ ಹೋಗಿ ಕುಳಿತರೆ ತಾಯಿ ಎರಡೇ ದಿನಕ್ಕೆ ವಾಪಸು ಕಳಿಸಿದಳು.

"ಗಂಡಸು ಹೊಡೀತಾನೆ, ಹೊಳೆ ಉಕ್ಕುತ್ತೆ. ಎರಡನ್ನೂ ಹಿಡಿದು ನಿಲ್ಸಿ ಯಾಕೆ ಅಂತ ಕೇಳೋಕಾಗುತ್ತಾ ಮೋಳೇ? ಹೋಗು, ದೋಣಿ ಬಂದಿದೆ."

ಹೀಗೆ ನಡೆಯುತ್ತಿದ್ದಾಗ ಚೋಯಿಕ್ಕುಟ್ಟಿಗೆ ಕೆಮ್ಮು ಹಿಡಿಯಿತು. ಬೆನ್ನು ನೋವೆಂದು ಎಣ್ಣೆ ತಿಕ್ಕಿಸಿಕೊಂಡ. ಒಂದು ಬೆಳಿಗ್ಗೆ ಗೋದಾಮಿನ ಮೆಟ್ಟಿಲಲ್ಲಿ ಮೂಟೆಯ ಸಮೇತ ಕುಸಿದವನಿಗೆ ಮತ್ತೆ ಕಾಲು ಬರಲಿಲ್ಲ. ಶ್ವಾಸಕೋಶದಲ್ಲಿ ಬೇರೂರಿದ ಗಡ್ಡೆ ಬೆನ್ನುಹುರಿಗೆ ಹಬ್ಬಿತ್ತು. ದೊಡ್ಡಾಸ್ಪತ್ರೆಯಲ್ಲಿ ಗಡ್ಡೆ ಸುಡಲು ಕರೆಂಟು ಇಟ್ಟರು, ಒಂದು ವಾರ ಮಲಗಿಸಿಕೊಂಡರು. ಆಮೇಲೆ ಡಾಕ್ಟರು ಸೌಮಿನಿಯನ್ನು ಕೂರಿಸಿಕೊಂಡು, ಇನ್ನು ವಾಸಿ ಮಾಡುವುದು ಏನೂ ಉಳಿದಿಲ್ಲ, ನೋವಾಗದ ಹಾಗೆ ನೋಡಿಕೊಳ್ಳುವುದಷ್ಟೇ ಉಳಿದಿದೆ ಎಂದು ಹೇಳಿ, ಇಂಥ ರೋಗಿಗಳನ್ನು ಮನೆಗೇ ಬಂದು ನೋಡುವ ಅವಳೂರಿನ ಪಾಲಿಯೇಟಿವ್‌ನವರಿಗೆ ಒಂದು ಚೀಟಿ ಬರೆದುಕೊಟ್ಟರು. ಸೌಮಿನಿ ಚೀಟಿಯನ್ನು ರವಿಕೆಯಲ್ಲಿ ಇಟ್ಟುಕೊಂಡಳು. ವಾಸಿಯಾಗದ ಗಂಡಸನ್ನು ಆಸ್ಪತ್ರೆಯ ಗಾಡಿ ಮನೆಯ ನಡುಕೋಣೆಯಲ್ಲಿ ಇಳಿಸಿ ಹೋಯಿತು.

ಮಂಗಳವಾರ ಮಂಗಳವಾರ ಜೀಪು ಬರತೊಡಗಿತು. ಅದರಲ್ಲಿ ನರ್ಸ್ ಕುಂಞೀವಿ, ಮತ್ತೆ ಹಂಸಕೋಯ. ಹಂಸಕೋಯ ಉಳಿದ ಆರು ದಿನ ಸೈಕಲಿನಲ್ಲಿ ಮೀನು ಮಾರುವವನು, ಮಂಗಳವಾರ ಮಾತ್ರ ಊರವರ ಜೀಪು ಓಡಿಸಿ ರೋಗಿಗಳನ್ನು ಎತ್ತಿ ಇಳಿಸುವವನು. ಮೊದಲ ದಿನವೇ ಚೋಯಿಕ್ಕುಟ್ಟಿ ಅವನ ತಾಯಿಯಿಂದ ಹಿಡಿದು ಏಳು ತಲೆಮಾರನ್ನು ಬೈದ.

"ಬೈಯಿರಿ ಚೋಯಿಯೇಟ್ಟ, ಬೈಯಿರಿ," ಎಂದು ಹಂಸಕೋಯ ಅವನನ್ನು ಪಕ್ಕಕ್ಕೆ ತಿರುಗಿಸಿದ. "ನಮ್ಮ ಉಮ್ಮ ಇದಕ್ಕಿಂತ ಚೆನ್ನಾಗಿ ಬೈತಾಳೆ. ನಿಮ್ಮದರಲ್ಲಿ ಉಪ್ಪೇ ಇಲ್ಲ."

ಕುಂಞೀವಿ ಮಾತು ಕಡಿಮೆಯ ಹೆಂಗಸು. ಮೂತ್ರದ ನಳಿಗೆ ಬದಲಿಸಿದಳು, ಬೆನ್ನಿನ ಹುಣ್ಣಿಗೆ ಮದ್ದು ಹಾಕುವುದನ್ನು ಸೌಮಿನಿಗೆ ತೋರಿಸಿಕೊಟ್ಟಳು, ನೋವಿನ ಮಾತ್ರೆ ನಾಲ್ಕು ಗಂಟೆಗೊಮ್ಮೆ ಎಂದಳು. ಸೌಮಿನಿಯನ್ನು ಅವಳು ಅಕ್ಕ ಎನ್ನುವ ಹಾಗೆ ಏಚ್ಚಿ ಎನ್ನುತ್ತಿದ್ದಳು. "ನೋವು ಬರೋ ತನಕ ಕಾಯಬೇಡಿ ಏಚ್ಚಿ. ಗಡಿಯಾರ ನೋಡಿ ಕೊಡಿ." ಹೋಗುವಾಗ ಬಾಗಿಲಲ್ಲಿ ನಿಂತು, "ನಿಮಗೆ ಏನು ಬೇಕು?" ಎಂದು ಕೇಳಿದಳು. ಸೌಮಿನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಹತ್ತಿ ಸಾಲದು," ಎಂದಳು.

ಚೋಯಿಕ್ಕುಟ್ಟಿಯ ಕಾಲು ಹೋಗಿತ್ತು, ಕೈ ಇತ್ತು. ಮೂರು ವಾರ ತುಂಬಿದ ಆ ಮಧ್ಯಾಹ್ನ ಅವಳು ಗಂಜಿ ಕುಡಿಸುತ್ತಿದ್ದಳು. ಬಿಸಿ ಹೆಚ್ಚಾಯಿತೆಂದು ಬಟ್ಟಲನ್ನು ಕಿತ್ತು ಮುಖಕ್ಕೆ ಎಸೆದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವಳು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅವನು ಅವಳ ತುರುಬು ಹಿಡಿದು ಕೈಗೆ ಎರಡು ಸುತ್ತು ಸುತ್ತಿ, ತಲೆಯನ್ನು ಮಂಚದ ಕಬ್ಬಿಣಕ್ಕೆ ಗುದ್ದಿದ. ಒಂದು. ಎರಡು. ಮೂರನೆಯದಕ್ಕೆ ಅವಳ ಕೈ ನೆಲದ ಮೇಲೆ ತಡಕಾಡಿತು. ಮಳೆಗೆ ನೆನೆಯಬಾರದೆಂದು ಜಗಲಿಯಿಂದ ಒಳಗೆ ತಂದಿಟ್ಟ ಕೊಡತಿ ಸಿಕ್ಕಿತು. ಎತ್ತಿ ಅವನ ಮೊಣಕೈಗೆ ಬಿಟ್ಟಳು.

ಹಿಡಿತ ಬಿಟ್ಟಿತು. ಚೋಯಿಕ್ಕುಟ್ಟಿ ಬಾಯಿ ತೆರೆದು ನೋಡಿದ. ಅವನ ಬಾಯಿಂದ ಬೈಗುಳ ಹೊರಡುವ ಮೊದಲೇ ಎರಡನೆಯ ಪೆಟ್ಟು ಭುಜಕ್ಕೆ ಬಿತ್ತು.

"ಏಳು," ಎಂದಳು ಸೌಮಿನಿ. "ಏಳೋ. ಎದ್ದು ಬಂದು ಹೊಡಿ."

ಮೂವತ್ತೊಂದು ವರ್ಷ 'ನೀವು' ಎಂದ ಬಾಯಿ ಅದು. ಪೆಟ್ಟಿಗಿಂತ ಆ ಏಕವಚನಕ್ಕೇ ಅವನ ಮುಖ ಕಪ್ಪಿಟ್ಟಿತು. ಏಳಲು ಹೋದ. ಎದೆ ಎದ್ದಿತು, ಸೊಂಟ ಏಳಲಿಲ್ಲ. ಅವಳು ಹೊರಗೆ ಬಂದು ಜಗಲಿಯಲ್ಲಿ ಕುಳಿತಳು. ಅವನು ಹಿಂದಿನಿಂದ ಬರಲಾರ. ಇದೊಂದು ಸಂಗತಿ ಅವಳ ತಲೆಗೆ ಹೋಗಲು ಸಂಜೆಯಾಯಿತು.

ಆಮೇಲೆ ಹದಿನೇಳು ದಿನ ಅದು ನಡೆಯಿತು. ಹೇಳಿದರೆ ಯಾರೂ ನಂಬಲಾರರು, ಆ ಹದಿನೇಳು ದಿನವೂ ಅವನ ಆರೈಕೆಯಲ್ಲಿ ಒಂದು ಕೂದಲಷ್ಟೂ ಲೋಪವಾಗಲಿಲ್ಲ. ಗಡಿಯಾರ ನೋಡಿ ಮಾತ್ರೆ ಕೊಟ್ಟಳು. ಹೇಲು ಬಾಚಿದಳು, ಬಿಸಿನೀರಲ್ಲಿ ಮೈ ಒರೆಸಿದಳು, ಹುಣ್ಣು ತೊಳೆದಳು, ಮತ್ತಿ ಮೀನಿನ ಮುಳ್ಳು ತೆಗೆದು ತಿನ್ನಿಸಿದಳು. ಎಲ್ಲ ಮುಗಿದ ಮೇಲೆ ಬಾಗಿಲು ಹಾಕಿಕೊಂಡು ಕೊಡತಿ ತೆಗೆದುಕೊಳ್ಳುತ್ತಿದ್ದಳು. ತೊಡೆಗೆ ಹೊಡೆದು ಪ್ರಯೋಜನವಿಲ್ಲ, ಅಲ್ಲಿ ಅವನಿಗೇನೂ ತಿಳಿಯುವುದಿಲ್ಲ. ಭುಜಕ್ಕೆ, ತೋಳಿಗೆ, ಪಕ್ಕೆಗೆ. "ಇದು ಹಲ್ಲಿಗೆ. ಇದು ಓಣಂ ದಿನದ್ದಕ್ಕೆ." ಅವನು ಒಂದು ಸಲವೂ ಕೂಗಲಿಲ್ಲ. ಕೂಗಿದರೆ ಪಕ್ಕದ ಮನೆಗೆ ಕೇಳುತ್ತದೆ. ಅಂಗಾಡಿಯ ಚೋಯಿಕ್ಕುಟ್ಟಿ ಹೆಂಡತಿಯ ಕೈಯಲ್ಲಿ ಪೆಟ್ಟು ತಿನ್ನುತ್ತಾನೆಂದು ಊರೆಲ್ಲ ಸುದ್ದಿಯಾಗುತ್ತದೆ. ಟವಲು ಕಚ್ಚಿಕೊಂಡು ಕಣ್ಣು ಕಿಸಿದು ಅವಳನ್ನೇ ನೋಡುತ್ತಿದ್ದ.

ಅವಳಿಗೆ ಸುಖವಾಯಿತೇ? ಕಜ್ಜಿ ಕೆರೆದಷ್ಟು. ಕೆರೆಯುವಾಗ ಹಾಯೆನಿಸಿ, ಬಿಟ್ಟ ಮರುಕ್ಷಣ ಉರಿ ಹತ್ತಿ, ಮತ್ತೆ ಕೆರೆಯದೆ ವಿಧಿಯಿಲ್ಲ. ಅನ್ನ ಸೇರದಾಯಿತು. ಹಗಲೆಲ್ಲ ಹೊಳೆಯ ದಂಡೆಯಲ್ಲಿ ಸಿಪ್ಪೆ ಬಡಿಯುವಾಗ ಯಾವುದು ಸಿಪ್ಪೆ, ಯಾವುದು ಅವನು ಎಂಬುದೇ ತಿಳಿಯದಾಯಿತು.

ಮುಂದಿನ ಮಂಗಳವಾರ ಕುಂಞೀವಿ ಬಂದಾಗ ಸೌಮಿನಿ ಹೊಸ ಅಂಗಿ ತೊಡಿಸಿ ಗುಂಡಿಯೆಲ್ಲ ಹಾಕಿಟ್ಟಿದ್ದಳು. ಅವನಿಗೆ ಚಳಿಯಾಗುತ್ತದೆ, ಅಂಗಿ ಬಿಚ್ಚಬೇಡಿ ಎಂದಳು. ಕುಂಞೀವಿ ಅಂದೂ ಬಿಚ್ಚಲಿಲ್ಲ, ಮರುವಾರವೂ ಬಿಚ್ಚಲಿಲ್ಲ. ಮೂರನೆಯ ವಾರ ಬಿಚ್ಚಿದಳು. ಹಳದಿ, ನೀಲಿ, ಕಪ್ಪು, ಒಂದರ ಮೇಲೊಂದು, ಎಲ್ಲವೂ ಅಂಗೈ ಅಗಲದ ದುಂಡನೆಯ ಬಾವು.

"ಇದೇನಾಯ್ತು ಚೋಯಿಯೇಟ್ಟ?"

"ಬಿದ್ದೆ."

"ಎಲ್ಲಿಂದ?"

"ಮಂಚದಿಂದ."

ಹಂಸಕೋಯ ತಡೆಯಲಾರದೆ, "ಬಿದ್ದು, ಮತ್ತೆ ತಾವೇ ಹತ್ತಿ ಮಲಗಿದ್ರಾ? ಹಾಗಿದ್ರೆ ನಾನ್ಯಾಕೆ ವಾರವಾರ ಬಂದು ಸೊಂಟ ಮುರ್ಕೊಳ್ಳೋದು?" ಎಂದ. ಕುಂಞೀವಿ ಅವನ ಕಡೆ ಒಂದು ನೋಟ ಬೀರಿ, ರೋಗಿಯ ಹತ್ತಿರವೇ ಕೂತಿರಲು ಹೇಳಿ, ಸೌಮಿನಿಯನ್ನು ಕರೆದುಕೊಂಡು ಹಿತ್ತಲಿನ ನಾರಿನ ರಾಶಿಯ ಹತ್ತಿರ ಬಂದಳು.

"ನೀವು ಹೊಡೆದ್ರಾ ಏಚ್ಚಿ?"

"ಹೊಡೆದೆ."

"ಎಷ್ಟು ದಿನದಿಂದ?"

ಸೌಮಿನಿ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಎಡ ತೊಡೆ ತೋರಿಸಿದಳು. ಹುಬ್ಬಿನ ಹೊಸ ಗಾಯ ತೋರಿಸಿದಳು. ತುಟಿ ಎತ್ತಿ ಹಲ್ಲಿನ ಸಂದು ತೋರಿಸಿದಳು. "ಇದಕ್ಕೆಲ್ಲ ನೀವು ಜೀಪು ತಗೊಂಡು ಬಂದಿರಲಿಲ್ಲ ಸಿಸ್ಟರೇ," ಎಂದಳು. "ಮೂವತ್ತೊಂದು ವರ್ಷ ಯಾವ ಜೀಪೂ ಬರಲಿಲ್ಲ. ಅವನು ಮಲಗಿದ ಕೂಡಲೇ ಊರಿಗೇ ಊರೇ ಬಂತು. ಮಾತ್ರೆ ಬಂತು, ನೀರಿನ ಹಾಸಿಗೆ ಬಂತು, ಹಂಸಕೋಯ ಬಂದ. ಪೋಲೀಸಿಗೆ ಹೇಳೋದಾದ್ರೆ ಹೇಳಿ, ಹೋಗಿ."

ಕುಂಞೀವಿ ಅವಳ ಸೀರೆಯ ಅಂಚನ್ನು ಕೆಳಗಿಳಿಸಿ, "ನೀವು ಹೇಳಿದ್ದು ಸರಿ. ಬರಲಿಲ್ಲ," ಎಂದಳು. "ಆದ್ರೆ ಒಂದು ಮಾತು ಹೇಳ್ತೀನಿ. ಏಳೋಕಾಗದವನನ್ನು ಹೊಡೆಯೋಕೆ ನಾನು ಬಿಡೋದಿಲ್ಲ. ಅವನು ಎಂಥವನೇ ಆಗಿರಲಿ. ಇವತ್ತು ಅವನನ್ನ ನಮ್ಮ ಆರೈಕೆ ಮನೆಗೆ ಕರ್ಕೊಂಡು ಹೋಗ್ತೀನಿ. ಹತ್ತು ದಿನ. ನೀವು ಮಲಗಿ."

"ಮಲಗೋದಾ?"

"ಕನ್ನಡಿಯಲ್ಲಿ ಮುಖ ನೋಡ್ಕೊಂಡಿದ್ದೀರಾ? ಅವನಿಗಿಂತ ಮೊದಲು ನೀವು ಹೋಗ್ತೀರಿ."

ಎಲತ್ತೂರಿನ ಹತ್ತಿರ, ಮುಚ್ಚಿಹೋದ ಹಂಚಿನ ಕಾರ್ಖಾನೆಯ ಪಕ್ಕ, ಊರವರೇ ಸೇರಿ ಕಟ್ಟಿಸಿದ ಎಂಟು ಮಂಚದ ಮನೆ ಅದು. ಹಂಸಕೋಯ ಚೋಯಿಕ್ಕುಟ್ಟಿಯನ್ನು ಎತ್ತಿಕೊಂಡು ಜೀಪಿಗೆ ಹಾಕಿದ. ಸೌಮಿನಿ ಎರಡು ಹಗಲು ಎರಡು ರಾತ್ರಿ ಸತ್ತವಳಂತೆ ನಿದ್ದೆ ಮಾಡಿದಳು. ಮೂರನೆಯ ದಿನ ಎದ್ದು ಮರಗೆಣಸು ಬೇಯಿಸಿ, ಒಬ್ಬಳೇ ಕೂತು, ಎರಡನೆಯ ಸಲ ಬಡಿಸಿಕೊಂಡು ಉಂಡಳು.

ಎಂಟನೆಯ ದಿನ ಬೆಳಿಗ್ಗೆ ಚೋಯಿಕ್ಕುಟ್ಟಿಯ ತಮ್ಮ ದಾಸನ್ ಬಂದ. ಜೊತೆಗೆ ಅಂಗಾಡಿಯ ಇಬ್ಬರು. ಅವರಲ್ಲಿ ಒಬ್ಬ ಇಂಬಿಚ್ಚಿ, ಚೋಯಿಕ್ಕುಟ್ಟಿಯ ಜೊತೆ ಇಪ್ಪತ್ತು ವರ್ಷ ಮೂಟೆ ಹೊತ್ತವನು, ಸೌಮಿನಿ ಅಣ್ಣ ಎನ್ನುವ ಹಾಗೆ ಇಕ್ಕ ಎಂದು ಕರೆಯುವವನು. ಅಣ್ಣನ ಮೈಮೇಲಿನ ಬಾವು ದಾಸನ್ ಆರೈಕೆ ಮನೆಯಲ್ಲಿ ನೋಡಿ ಬಂದಿದ್ದ. ಜಗಲಿ ಹತ್ತುವ ಮೊದಲೇ ಕೂಗಿದ.

"ಎಲ್ಲಿ ಆ ಸೂಳೆ? ನಮ್ಮಣ್ಣನ್ನ ಬಡಿದು, ಭಿಕ್ಷುಕರ ಮನೇಲಿ ಹಾಕಿ, ಇಲ್ಲಿ ಹೊಟ್ಟೆ ತುಂಬ ತಿಂತಿದ್ದೀಯೇನೇ?"

ಅವಳ ಜುಟ್ಟು ಹಿಡಿದು ಅಂಗಳಕ್ಕೆ ಎಳೆದ. ಅವಳು ಮೊಣಕಾಲೂರಿ ಬಿದ್ದಾಗ ಬೆನ್ನಿಗೆ ಒದ್ದ. ಬಾಯಿಗೆ ಮಣ್ಣು, ಮಣ್ಣಿನ ಜೊತೆ ಕೊಳೆತ ಸಿಪ್ಪೆಯ ನೀರು. ಎರಡನೆಯ ಸಲ ಒದೆಯಲು ಅವನು ಕಾಲೆತ್ತಿದಾಗ ಅವಳು ಆ ಕಾಲನ್ನೇ ಅಪ್ಪಿ ಹಿಡಿದು ತಿರುಚಿದಳು. ದಾಸನ್ ಸಿಪ್ಪೆ ಬಡಿಯುವ ಕಲ್ಲಿನ ಮೇಲೆ ಬಿದ್ದ. ಕೊಡತಿ ಅಲ್ಲೇ ಇತ್ತು. ಅವನು ಏಳುವಷ್ಟರಲ್ಲಿ ಕುತ್ತಿಗೆಗೂ ಭುಜಕ್ಕೂ ನಡುವಿನ ಮೂಳೆಗೆ ಬಿತ್ತು. ಒಣಕಟ್ಟಿಗೆ ಮುರಿದ ಹಾಗೆ ಲಟ್ಟೆಂದಿತು. ಈ ಸಲ ಏಳಬಲ್ಲವನಿಗೇ ಹೊಡೆದಿದ್ದಳು.

ಇನ್ನೊಬ್ಬ ಹಮಾಲ ಮುಂದೆ ನುಗ್ಗಿದ. ಇಂಬಿಚ್ಚಿ ಅವನನ್ನು ಎದೆಗೆ ಕೈಕೊಟ್ಟು ತಡೆದ. "ಸಾಕು ಬಿಡು. ನಮಗೆ ಗೊತ್ತಿಲ್ಲದ್ದಾ ಇದು? ಇವಳಿಗೆ ಹೊಡೆದದ್ದನ್ನ ಚೋಯಿ ಬಂದು ಚಹಾದಂಗಡೀಲಿ ಹೇಳ್ತಿದ್ದ. ನಾವು ನಗ್ತಿದ್ದೆವು."

ಸೌಮಿನಿ ಬಾಯಿಯ ಮಣ್ಣು ಉಗುಳಿ ಅವನ ಕಡೆ ತಿರುಗಿದಳು. "ನೀವೂ ನಗ್ತಿದ್ರಾ ಇಂಬಿಚ್ಚೀಕ್ಕ?"

ಅವನು ತಲೆ ತಗ್ಗಿಸಿ, "ನಗ್ತಿದ್ದೆ," ಎಂದ. ನೋವಿಗೆ ಹಲ್ಲು ಕಚ್ಚಿಕೊಂಡಿದ್ದ ದಾಸನ್‌ನನ್ನು ಎಬ್ಬಿಸಿಕೊಂಡು ಮೂವರೂ ಹೋದರು.

ಹತ್ತನೆಯ ದಿನ ಕುಂಞೀವಿ ಬಂದು, ಚೋಯಿಕ್ಕುಟ್ಟಿಯನ್ನು ವಾಪಸು ಕರೆತರಬೇಕೇ ಎಂದು ಕೇಳಿದಳು.

"ಬೇಡ," ಎಂದಳು ಸೌಮಿನಿ. "ಬಂದರೆ ಮತ್ತೆ ಹೊಡೀತೀನಿ. ನನ್ನ ಕೈ ನನಗೆ ಗೊತ್ತು."

"ಸರಿ. ಅಲ್ಲೇ ಇರಲಿ."

ಅಷ್ಟೇ. ಯಾಕೆ ಎನ್ನಲಿಲ್ಲ, ಗಂಡನಲ್ಲವೇ ಎನ್ನಲಿಲ್ಲ. ಸೌಮಿನಿ ಹೇಳಿದ 'ಬೇಡ' ಎಂಬ ಮಾತು ಮೊದಲ ಸಲ ನೆಲದ ಮೇಲೆ ನಿಂತಿತ್ತು. ಅದಾದ ನಾಲ್ಕನೆಯ ದಿನ, ಯಾರೂ ಕರೆಯದೆ, ಅವಳೇ ಬಸ್ಸು ಹತ್ತಿ ಆರೈಕೆ ಮನೆಗೆ ಹೋದಳು. ಹೇಳದೆ ಉಳಿದದ್ದೊಂದಿತ್ತು. ಅವನು ಸತ್ತ ಮೇಲೆ ಯಾರಿಗೆ ಹೇಳುವುದು?

ಕಿಟಕಿಯ ಪಕ್ಕದ ಮಂಚದಲ್ಲಿ ಚೋಯಿಕ್ಕುಟ್ಟಿ ಅರ್ಧ ಆಳಾಗಿದ್ದ. ಬಾವುಗಳು ಹಳದಿ ತಿರುಗಿದ್ದವು.

"ಬಂದ್ಯಾ," ಎಂದ. "ಕೊಡತಿ ತಂದಿದ್ದೀಯಾ?"

"ಇಲ್ಲ."

"ಇಲ್ಲಿ ಯಾರೂ ಹೊಡೆಯೋದಿಲ್ಲ. ಬೈದ್ರೂ ನಗ್ತಾರೆ. ಹುಚ್ಚು ಹಿಡಿಯುತ್ತೆ."

ಸೌಮಿನಿ ಸ್ಟೂಲಿನ ಮೇಲೆ ಕುಳಿತಳು. ಬಸ್ಸಿನಲ್ಲಿ ಕೂತು ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತಿತ್ತು. "ಆ ಮೊದಲನೇದು ಗಂಡು," ಎಂದಳು. "ನೀನು ಒದ್ದು ಕೊಂದದ್ದು. ಬೆರಳೆಲ್ಲ ಮೂಡಿತ್ತು. ನಿನಗೆ ಹೇಳಿರಲಿಲ್ಲ."

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. "ಗೊತ್ತಿತ್ತು."

"ಏನು ಗೊತ್ತಿತ್ತು?"

"ಗಂಡು ಅಂತ. ಹೂತದ್ದು ಯಾರು ಅಂದ್ಕೊಂಡೆ? ಸೂಲಗಿತ್ತಿ ನನ್ನ ಕೈಗೇ ಕೊಟ್ಟಳು. ಹಿತ್ತಲಲ್ಲಿ, ಬೇಲಿ ತಿರುಗೋ ಕಡೆ, ಬುಗುರಿ ಮರದ ಬುಡದಲ್ಲಿ. ನಾಯಿ ಕೆದಕದ ಹಾಗೆ ಮೇಲೆ ಕಲ್ಲು ಹೇರಿದೆ."

ಸೌಮಿನಿ ಎದ್ದು ನಿಂತಳು. ಆ ಮರದಡಿಯಲ್ಲಿ ಅವಳು ಇಪ್ಪತ್ತೆಂಟು ವರ್ಷ ಬಟ್ಟೆ ಒಣಗಿಸಿದ್ದಳು. ಗೊತ್ತಿದ್ದೂ ಗೊತ್ತಿದ್ದೂ ಇವನು ಆಮೇಲೂ ಹೊಡೆದ. ಗೊತ್ತಿಲ್ಲದವನೆಂದುಕೊಂಡಿದ್ದಾಗ ಇದ್ದ ಸಿಟ್ಟು ಏನೂ ಅಲ್ಲ, ಈಗ ಹುಟ್ಟಿದ್ದು ಸಿಟ್ಟು. ಬರಿಗೈಯಲ್ಲೇ ಅವನ ಕುತ್ತಿಗೆಗೆ ಕೈ ಹಾಕುತ್ತಿದ್ದಳೋ ಏನೋ. ಅಷ್ಟರಲ್ಲಿ ಅವನಿಗೆ ಕೆಮ್ಮು ಬಂತು.

ಮೊದಲು ಒಂದು ಬೊಗಸೆ ರಕ್ತ. ಆಮೇಲೆ ಅದಕ್ಕೆ ಲೆಕ್ಕವಿರಲಿಲ್ಲ. ಎದೆಯೊಳಗೆ ಗಡ್ಡೆ ಒಂದು ದೊಡ್ಡ ರಕ್ತನಾಳವನ್ನು ತಿಂದುಹಾಕಿತ್ತು. ಬಾಯಿಂದ ಮೂಗಿನಿಂದ ಬಿಸಿಬಿಸಿಯಾಗಿ ನುಗ್ಗಿ ಹಾಸಿಗೆ, ಗೋಡೆ, ಅವಳ ಸೀರೆಯೆಲ್ಲ ಕೆಂಪಾಯಿತು. ಕುಂಞೀವಿ ಓಡಿಬಂದಳು. ರಕ್ತ ಎದ್ದು ಕಾಣದ ಕಡು ಹಸಿರಿನ ದಪ್ಪ ಬಟ್ಟೆಗಳನ್ನು ಅವನ ಎದೆಯ ಮೇಲೆ ಒಂದರ ಮೇಲೊಂದು ಹಾಸಿ, ಕಂಪೌಂಡರಮ್ಮನಿಗೆ ಸೂಜಿಮದ್ದು ತರಲು ಕೂಗಿದಳು.

"ಏಚ್ಚಿ, ತಲೆ ಹಿಡ್ಕೊಳ್ಳಿ! ಪಕ್ಕಕ್ಕೆ, ಪಕ್ಕಕ್ಕೆ ತಿರುಗಿಸಿ! ಆಗೋದಿಲ್ಲ ಅಂದ್ರೆ ಹೊರಗೆ ಹೋಗಿ."

ಸೌಮಿನಿ ತಲೆ ಹಿಡಿದುಕೊಂಡಳು. ಯಾರಾದರೂ ಹಿಡಿಯಬೇಕಿತ್ತು, ಹಿಡಿದಳು. ಚೋಯಿಕ್ಕುಟ್ಟಿಯ ಕಣ್ಣು ಅವಳಲ್ಲೇ ನೆಟ್ಟಿತ್ತು. ಅಂಥ ಹೆದರಿದ ಕಣ್ಣನ್ನು ಅವಳು ಅದಕ್ಕೆ ಮುಂಚೆ ಕನ್ನಡಿಯಲ್ಲಿ ಮಾತ್ರ ನೋಡಿದ್ದಳು. ಅವನ ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು. ಕ್ವಿಂಟಾಲು ಚೀಲ ಎತ್ತಿದ ಹಿಡಿತ. ಮೂಳೆ ಪುಡಿಯಾಗುತ್ತದೇನೋ ಎನ್ನುವಷ್ಟು ಬಿಗಿಯಾಗಿ ಹಿಡಿದವನು, ಸೂಜಿಮದ್ದು ಏರಿ ಕಣ್ಣು ಮುಚ್ಚಿದ ಮೇಲೂ ಬಿಡಲಿಲ್ಲ. ಉಸಿರು ನಿಂತ ಮೇಲೆ ಕುಂಞೀವಿಯೇ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

"ನೋಯಿಸೋಕೆ ಹಿಡಿದನೋ, ಹೆದರಿ ಹಿಡಿದನೋ?" ಎಂದು ಸೌಮಿನಿ ಆಮೇಲೆ ಎಷ್ಟೋ ಸಲ ಕೇಳಿದ್ದುಂಟು. ಕುಂಞೀವಿ ಗೊತ್ತಿಲ್ಲ ಎಂದೇ ಹೇಳುತ್ತಿದ್ದಳು.

ಅಂಗಾಡಿಯೇ ಖಾಲಿಯಾಗಿ ಬಂದು ಹೆಣ ಹೊತ್ತಿತು. ಗಂಟಲು ಹರಿಯುವಂತೆ ಘೋಷಣೆ ಕೂಗಿದರು. ಒಂದು ತೋಳು ಕಟ್ಟಿಸಿಕೊಂಡಿದ್ದ ದಾಸನ್ ಇನ್ನೊಂದು ಕೈಯಲ್ಲಿ ಬೆಂಕಿ ಇಟ್ಟ. ಸೌಮಿನಿಯ ಕಡೆ ಯಾರೂ ನೋಡಲಿಲ್ಲ. ವಡಗರೆಯ ಗಂಡನ ಮನೆಯಿಂದ ಬಂದ ಮಗಳು ಶೀಜ ಕೂಡ ತಾಯಿಯ ಹತ್ತಿರ ಕೂರಲಿಲ್ಲ. ಊರವರು ಅವಳ ಕಿವಿಗೆ ಎಲ್ಲ ಹಾಕಿದ್ದರು.

ಹದಿನಾರನೆಯ ದಿನದ ಕರ್ಮ ಕಳೆದ ಮೇಲೆ ಜೀಪು ಮತ್ತೆ ಮನೆಯ ಮುಂದೆ ನಿಂತಿತು. ಸೌಮಿನಿಗೆ ಆಶ್ಚರ್ಯ. "ಯಾರಿಗೆ ಬಂದ್ರಿ? ಅವನಿಲ್ವಲ್ಲ."

"ನಿಮಗೆ ಬಂದದ್ದು," ಎಂದಳು ಕುಂಞೀವಿ. "ಸತ್ತ ಮನೆಗೆ ನಾವು ಸ್ವಲ್ಪ ದಿನ ಬರ್ತೀವಿ. ಚಹಾ ಕೊಡೋದಾದ್ರೆ ಕೊಡಿ."

ಹಾಲಿಲ್ಲದ ಕರಿ ಚಹಾ ಮಾಡಿಕೊಟ್ಟು ಸೌಮಿನಿ ಎದುರಿಗೆ ಕುಳಿತಳು. "ಅಳು ಬರ್ತಿಲ್ಲ ಸಿಸ್ಟರೇ. ಸಿಟ್ಟು ಬರ್ತಿದೆ. ಇಷ್ಟು ಬೇಗ ಯಾಕೆ ಸತ್ತ ಅಂತ. ದಿನಕ್ಕೊಂದು ವರ್ಷದ ಲೆಕ್ಕ ತೀರಿಸ್ತಿದ್ದೆ, ಇನ್ನೂ ಹದಿನಾಲ್ಕು ವರ್ಷದ್ದು ಬಾಕಿ ಇತ್ತು. ನನಗೇನಾದ್ರೂ ರೋಗವಾ?"

"ರೋಗ ಅಲ್ಲ. ಸಿಟ್ಟೇ ಬರಲಿ. ಅಳಲೇಬೇಕು ಅಂತ ಎಲ್ಲಿ ಬರೆದಿದೆ?"

ಒಳಗೆ ತನ್ನ ಕೂಸಿನ ತೊಟ್ಟಿಲ ಬಟ್ಟೆ ಮಡಚುತ್ತಿದ್ದ ಶೀಜ ದಡಕ್ಕನೆ ಹೊರಗೆ ಬಂದಳು. "ಸಾಯೋ ಮನುಷ್ಯನಿಗೆ ಹೊಡೆದವಳು ಹೇಗೆ ಅಳ್ತಾಳೆ? ನಾಚಿಕೆ ಆಗೋಲ್ವಾ ನಿಂಗೆ ಅಮ್ಮಾ?"

ಹಾಗೆಂದವಳು ಅಲ್ಲೇ ಹೊಸಿಲ ಮೇಲೆ ಕುಳಿತುಬಿಟ್ಟಳು. "ನಾನು ಮಂಚದ ಕೆಳಗೆ ಇರ್ತಿದ್ದೆ," ಎಂದಳು. "ಎರಡು ಕಿವೀಗೂ ಬೆರಳು ಇಟ್ಕೊಂಡ್ರೂ ಕೇಳಿಸ್ತಿತ್ತು. ಬೆಳಿಗ್ಗೆ ಅದೇ ಅಪ್ಪ ಹಲ್ವ ತಂದು ಬಾಯಿಗಿಡ್ತಿದ್ದ. ನಾನು ತಿಂತಿದ್ದೆ. ನಾನೂ ತಿಂದೆನಲ್ಲ ಅಮ್ಮಾ!"

ಆಗ ಸೌಮಿನಿ ಮಗಳ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಬೇಲಿ ತಿರುಗುವ ಕಡೆ ಬುಗುರಿ ಮರದ ಬುಡದಲ್ಲಿ ಪಾಚಿ ಹಿಡಿದ ಐದಾರು ಕಲ್ಲುಗಳಿದ್ದವು. "ನಿನ್ನ ಏಟ್ಟ ಇಲ್ಲಿದ್ದಾನೆ," ಎಂದಳು. ಹಾಗೆಂದವಳು ಕಲ್ಲಿನ ಮೇಲೆ ಕವುಚಿ ಬಿದ್ದು, ಹೊಳೆಯಾಚೆಯ ದಂಡೆಗೂ ಕೇಳುವಂತೆ ಅತ್ತಳು. ಸಿಪ್ಪೆ ಬಡಿಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ, ಅಂತೂ ಗಂಡನಿಗಾಗಿ ಅತ್ತಳು ಎಂದುಕೊಂಡರು. ಅವರಿಗೆ ತಿಳಿಹೇಳಲು ಅವಳು ಹೋಗಲಿಲ್ಲ.

ಒಂದೂವರೆ ವರ್ಷ ಕಳೆದ ಮೇಲೆ ಸೌಮಿನಿ ತಾನೂ ರೋಗಿಗಳ ಮನೆಗೆ ಬರುತ್ತೇನೆಂದಳು. ಪಾಲಿಯೇಟಿವ್‌ನ ಸಭೆಯಲ್ಲಿ ಗಲಾಟೆಯಾಯಿತು. ರೋಗಿಯನ್ನು ಹೊಡೆದವಳ ಕೈಗೆ ರೋಗಿಯನ್ನು ಕೊಡುವುದೇ? ಹಂಸಕೋಯ ಎದ್ದು, "ಹೊಡೆದದ್ದು ಯಾರ್ಯಾರು ಅಂತ ಶುರು ಮಾಡಿದ್ರೆ ಈ ಸಭೇಲಿ ಎಷ್ಟು ಗಂಡಸರು ಕೂತಿರ್ತಾರೆ ನೋಡೋಣ," ಎಂದದ್ದಕ್ಕೆ ಇಬ್ಬರು ಎದ್ದು ಹೊರಗೆ ಹೋದರು. ಕುಂಞೀವಿ, "ಅವರೇ ಹೇಳಲಿ," ಎಂದಳು. ಸೌಮಿನಿ ಹದಿನಾಲ್ಕು ಜನರ ಮುಂದೆ ನಿಂತು, ಹದಿನೇಳು ದಿನದ್ದನ್ನು ಒಂದೂ ಬಿಡದೆ, ಒಂದೂ ಸೇರಿಸದೆ ಹೇಳಿದಳು. "ಮಾಡಿದ್ದು ಸರಿ ಅಂತ ನಾನು ಹೇಳೋದಿಲ್ಲ. ಮಾಡಿದವಳಿಗೆ ಆ ಮನೆ ಹೇಗಿರುತ್ತೆ ಅಂತ ಗೊತ್ತು, ಅಷ್ಟೇ," ಎಂದು ಕುಳಿತಳು. ಮೊದಲ ಆರು ತಿಂಗಳು ಆರೈಕೆ ಮನೆಯ ಬಟ್ಟೆ ಒಗೆಯಲು ಹಾಕಿದರು. ಒಗೆದಳು. ಆಮೇಲೆ ಕುಂಞೀವಿಯ ಜೊತೆ ಮಾತ್ರ ಹೋಗಬಹುದೆಂದರು. ಈಗ ಒಂಬತ್ತು ವರ್ಷದಿಂದ ಹೋಗುತ್ತಿದ್ದಾಳೆ.

ಗಂಡನನ್ನು ಕ್ಷಮಿಸಿ ಎಂದು ಯಾವ ಹೆಂಗಸಿಗೂ ಅವಳು ಹೇಳುವುದಿಲ್ಲ. ಹೆಂಗಸು ಸೊಂಟಕ್ಕೆ ಸೆರಗು ಬಿಗಿದ ರೀತಿ, ಬಟ್ಟಲನ್ನು ಮಂಚದ ಹತ್ತಿರ ಇಡುವ ರೀತಿ ನೋಡಿದರೆ ಸಾಕು, ಆ ಮನೆಯಲ್ಲಿ ಏನು ನಡೆದಿದೆ, ಏನು ನಡೆಯಲಿದೆ ಎಂದು ಅವಳಿಗೆ ತಿಳಿಯುತ್ತದೆ. ಕಳೆದ ವಾರ ಪುದಿಯಂಗಾಡಿಯ ಒಂದು ಮನೆಯಲ್ಲಿ ಗಂಟಲಿನ ಗಡ್ಡೆಯ ಮುದುಕನೊಬ್ಬ ಚೊಂಬು ಎಸೆದ. ಹೆಂಡತಿ ಬಿದ್ದ ಚೊಂಬನ್ನು ಎತ್ತಿಕೊಂಡು, ಕೆಳಗಿಡದೆ, ಹಿಡಿದೇ ನಿಂತಳು. ಸೌಮಿನಿ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ಚಪ್ಪಲಿ ಹಾಕ್ಕೊಳ್ಳಿ. ಹೊರಗೆ ಹೋಗಿ ಬನ್ನಿ."

"ಎಲ್ಲಿಗೆ ಏಚ್ಚಿ?"

"ಎಲ್ಲಿಗಾದ್ರೂ. ಸಿನಿಮಾ ನೋಡಿ, ಸಮುದ್ರ ನೋಡಿ. ಸಂಜೆ ಐದರವರೆಗೆ ನಾನಿರ್ತೀನಿ."

ಆ ಹೆಂಗಸು ಎರಡು ಸಲ ಹಿಂತಿರುಗಿ ನೋಡಿ, ಕೊನೆಗೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಮುದುಕ ಉಳಿದ ಅರ್ಧ ದನಿಯಲ್ಲಿ, "ಯಾರೇ ನೀನು ನನ್ನ ಹೆಂಡತೀನ ಕಳ್ಸೋಕೆ? ಗಂಜಿ ಯಾರು ಕೊಡ್ತಾರೆ?" ಎಂದು ಗುರುಗುಟ್ಟಿದ.

"ನಾನು ಕೊಡ್ತೀನಿ," ಎಂದು ಸೌಮಿನಿ ಮಂಚದ ಪಕ್ಕ ಕುಳಿತಳು. "ಆರಿಸಿ ಕೊಡ್ತೀನಿ. ಎಸೆದ್ರೆ ಇನ್ನೊಂದು ಬಟ್ಟಲು ಇಲ್ಲ, ಬಾಯಿ ತೆಗೀರಿ."